ವಿನಯ ಬೇಕಿದ್ದರೆ ಸಾಲಿನಲ್ಲಿ ನಿಲ್ಲಿ

“ಈ ರಾಜಕಾರಣಿಗಳಿಗೆ ಸೊಕ್ಕು ನೆತ್ತಿಗೇರಿದೆ. ಇಂಥವರಿಗೆ ಓಟು ಬೇರೆ ಕೇಡು!” ಬೆಂಗಳೂರಿನ ಯಾವ ದರ್ಶಿನಿಯ ಮುಂದೆ ನಿಂತು ಕಾಫಿ ಕುಡಿದರೂ, ಯಾವ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪು ತೆರೆದರೂ ಈ ಮಾತು ಕಿವಿಗೆ ಬೀಳುತ್ತದೆ. ಆಡುವವರು ಓದಿಕೊಂಡವರು, ತಪ್ಪದೆ ತೆರಿಗೆ ಕಟ್ಟುವವರು, ಊರಿನ ಕಸ, ಕೆರೆ, ಗುಂಡಿಗಳ ಬಗ್ಗೆ ನಿಜವಾಗಿಯೂ ಕಳಕಳಿ ಇರುವವರು. ಹಾಗಾಗಿಯೇ ಈ ಮಾತಿಗೊಂದು ಮರ್ಯಾದೆ ಬಂದುಬಿಟ್ಟಿದೆ. ಮತ ಹಾಕದಿರುವುದನ್ನು ಒಂದು ಕಾಲಕ್ಕೆ ಸೋಮಾರಿತನ ಎನ್ನುತ್ತಿದ್ದರು, ಈಗ ಅದಕ್ಕೆ ನೈತಿಕ ನಿಲುವಿನ ಪಟ್ಟ ಕಟ್ಟಲಾಗಿದೆ. ಮೊದಲು ಸಜ್ಜನರು, ವಿನಯವಂತರು ಕಣಕ್ಕಿಳಿಯಲಿ, ಆಮೇಲೆ ನಾವು ಮತಗಟ್ಟೆಗೆ ಬರುತ್ತೇವೆ ಎಂಬುದು ಈ ನಿಲುವಿನ ತಿರುಳು.

ಈ ವಾದ ಬುಡಮೇಲಾಗಿದೆ. ರಾಜಕಾರಣಿಗೆ ವಿನಯ ಬಂದ ಮೇಲೆ ಜನ ಮತ ಹಾಕುವುದಲ್ಲ, ಜನ ಮತ ಹಾಕಿದ್ದರಿಂದಲೇ ರಾಜಕಾರಣಿಗೆ ಅಷ್ಟಿಷ್ಟು ವಿನಯ ಬರುತ್ತದೆ. ಮನೆಯಲ್ಲಿ ಕುಳಿತು ವಿನಯಕ್ಕಾಗಿ ಕಾಯುವವರು ತಾವು ದ್ವೇಷಿಸುವ ಸೊಕ್ಕಿಗೆ ತಾವೇ ಗೊಬ್ಬರ ಹಾಕುತ್ತಿದ್ದಾರೆ.

ವಿನಯವನ್ನು ವ್ಯಕ್ತಿಯ ಸ್ವಭಾವವೆಂದು ತಿಳಿಯುವಲ್ಲೇ ಮೊದಲ ಎಡವಟ್ಟಿದೆ. ನೆರೆಮನೆಯವರ ವಿನಯ ಸ್ವಭಾವವಿರಬಹುದು, ನಮಗದು ದಿನನಿತ್ಯ ಕಾಣುತ್ತದೆ. ಅಭ್ಯರ್ಥಿಯ ವಿನಯ ನಮಗೆ ಕಾಣುವುದು ಪ್ರಚಾರದ ಹದಿನೈದು ದಿನ ಮಾತ್ರ. ಆ ದಿನಗಳಲ್ಲಿ ಅವರು ಕೈಮುಗಿಯುತ್ತಾರೆ, ಅಜ್ಜಿಯ ಕಾಲಿಗೆ ಬೀಳುತ್ತಾರೆ, ಹೋಟೆಲಿನ ಒಳಗೆ ನುಗ್ಗಿ ಕಾವಲಿಯ ಮೇಲೆ ದೋಸೆ ಹೊಯ್ಯುತ್ತಾರೆ, ಯಾರದೋ ಕೂಸನ್ನೆತ್ತಿಕೊಂಡು ಕ್ಯಾಮೆರಾದ ಕಡೆ ತಿರುಗುತ್ತಾರೆ. ಗೆದ್ದ ಮೇಲೆ ಅದೇ ವ್ಯಕ್ತಿಯ ಕಾರಿಗೆ ದಾರಿ ಬಿಡಿಸಲು ಸಿಗ್ನಲ್‌ನಲ್ಲಿ ಆಂಬುಲೆನ್ಸ್ ಕೂಡ ನಿಲ್ಲಬೇಕಾಗುತ್ತದೆ. ಇವೆರಡರಲ್ಲಿ ಯಾವುದು ನಿಜವಾದ ಮುಖ ಎಂದು ಚರ್ಚಿಸುವುದು ವ್ಯರ್ಥ. ಎರಡೂ ನಿಜವೇ. ಒಂದು ನಮ್ಮ ಅಗತ್ಯ ಇದ್ದಾಗಿನ ಮುಖ, ಇನ್ನೊಂದು ಅಗತ್ಯ ತೀರಿದ ಮೇಲಿನದು. ಪ್ರಜೆಗಳ ಕೈಯಲ್ಲಿರುವ ಕೆಲಸ ಒಂದೇ: ಆ ಅಗತ್ಯ ಐದು ವರ್ಷವೂ ತೀರದಂತೆ ನೋಡಿಕೊಳ್ಳುವುದು.

ವಿನಯವಂತ ನಾಯಕನ ಹುಡುಕಾಟಕ್ಕೆ ಇನ್ನೊಂದು ಮಗ್ಗುಲೂ ಇದೆ. ಅದು ಕೊನೆಗೆ ಮುಟ್ಟುವುದು ವ್ಯಕ್ತಿಪೂಜೆಯನ್ನು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಎಂದು ಎಚ್ಚರಿಸಿದ್ದರು. ಸಂತನೊಬ್ಬ ಬರಲಿ ಎಂದು ಕಾಯುವವರು ತಮ್ಮನ್ನು ಭಕ್ತರೆಂದು ಒಪ್ಪಲಾರರು. ಆದರೆ ನಾಯಕನ ಗುಣವೇ ನಮ್ಮನ್ನು ಕಾಪಾಡಬೇಕು, ನಮ್ಮ ಕೆಲಸ ಏನೂ ಇಲ್ಲ ಎಂಬ ನಂಬಿಕೆ ಇಬ್ಬರದೂ ಒಂದೇ.

ರಾಜಕಾರಣಿಗಳನ್ನು ಬಗ್ಗಿಸಿದ್ದು ಏನು ಎಂದು ಇತಿಹಾಸ ನೋಡಿದರೆ ಸಿಗುವ ಉತ್ತರ ಮತ ಎಣಿಕೆ. ತುರ್ತುಪರಿಸ್ಥಿತಿ ಹೇರಿದ ಪ್ರಧಾನಿ ಇಂದಿರಾ ಗಾಂಧಿ 1977ರಲ್ಲಿ ರಾಯ್‌ಬರೇಲಿಯಲ್ಲಿ ರಾಜ್‌ನಾರಾಯಣ್ ಎದುರು ಸೋತರು. ಮರುವರ್ಷ ಅವರು ಚಿಕ್ಕಮಗಳೂರಿಗೆ ಬಂದು, ಭಾಷೆ ಬಾರದ ಮಲೆನಾಡಿನಲ್ಲಿ ತೋಟದ ಕೂಲಿಗಳ ಮುಂದೆ ನಿಂತು ಮತ ಕೇಳಬೇಕಾಯಿತು. ಪತ್ರಿಕೆಗಳ ಬಾಯಿ ಕಟ್ಟಿದ, ವಿರೋಧಿಗಳನ್ನು ಜೈಲಿಗಟ್ಟಿದ ಅಧಿಕಾರವನ್ನು ಅಷ್ಟು ದೂರ ನಡೆಸಿದ್ದು ಯಾವ ಉಪದೇಶವೂ ಅಲ್ಲ.

ನಮ್ಮ ರಾಜ್ಯದ ಲೆಕ್ಕವನ್ನೇ ನೋಡಿ. 2018ರಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರನ್ನು ಚಾಮುಂಡೇಶ್ವರಿ ಕ್ಷೇತ್ರ 36 ಸಾವಿರ ಮತಗಳಿಂದ ಸೋಲಿಸಿತು. ಬಾದಾಮಿ ಅವರನ್ನು ಉಳಿಸಿಕೊಂಡದ್ದು 1,696 ಮತಗಳಿಂದ. 2019ರಲ್ಲಿ ಮಾಜಿ ಪ್ರಧಾನಿ ದೇವೇಗೌಡರು ತುಮಕೂರಿನಲ್ಲಿ ಸೋತರು. ‘ಸೋಲಿಲ್ಲದ ಸರದಾರ’ ಎಂದೇ ಹೆಸರಾದ ಮಲ್ಲಿಕಾರ್ಜುನ ಖರ್ಗೆಯವರು ಅದೇ ಚುನಾವಣೆಯಲ್ಲಿ ಕಲಬುರಗಿಯಲ್ಲಿ ಸೋತರು. 2023ರಲ್ಲಿ ಸಚಿವ ವಿ. ಸೋಮಣ್ಣ ವರುಣಾ, ಚಾಮರಾಜನಗರ ಎರಡೂ ಕಡೆ ಮಣ್ಣು ಮುಕ್ಕಿದರು. ಯಾವ ಪಕ್ಷವನ್ನೂ ಬಿಡದ ಪಟ್ಟಿ ಇದು. 1985ರ ನಂತರ ಕರ್ನಾಟಕದ ಮತದಾರರು ಆಳುತ್ತಿದ್ದ ಯಾವ ಪಕ್ಷವನ್ನೂ ಬೆನ್ನುಬೆನ್ನಿಗೆ ಎರಡನೇ ಸಲ ಗದ್ದುಗೆಗೆ ಏರಿಸಿಲ್ಲ.

“ಅದೆಲ್ಲ ಲಕ್ಷಾಂತರ ಮತಗಳ ಮಾತು, ನನ್ನದೊಂದು ಓಟಿನಿಂದ ಏನಾಗುತ್ತದೆ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಸಂತೇಮರಹಳ್ಳಿ ಉತ್ತರ ಕೊಟ್ಟು ಎರಡು ದಶಕ ದಾಟಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಸೋತವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವು ಸಿಗಲಿಲ್ಲ ಎಂಬ ಮಾತು ಆ ಭಾಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಒಂದು ಮತದಿಂದ ಗೆದ್ದ ಧ್ರುವನಾರಾಯಣ ಅವರಿಗೆ ಮುಂದೆ ಸಂಸದರಾದಾಗಲೂ ಸದಾ ಕ್ಷೇತ್ರದಲ್ಲಿರುವ, ಜನರ ಕೈಗೆ ಸಿಗುವ ಪ್ರತಿನಿಧಿ ಎಂಬ ಹೆಸರಿತ್ತು. ಅದು ಅವರ ಸ್ವಭಾವವೋ ಆ ಒಂದು ಮತ ಕಲಿಸಿದ ಪಾಠವೋ ಎಂದು ಬಗೆಯುವ ಗೊಡವೆ ಮತದಾರರಿಗೆ ಬೇಕಿಲ್ಲ.

ಸಂತೇಮರಹಳ್ಳಿ ಹಳ್ಳಿಗಾಡಿನ ಕ್ಷೇತ್ರ ಎನ್ನುವವರು ಜಯನಗರಕ್ಕೆ ಬನ್ನಿ. ರಾಜಧಾನಿಯ ಸುಶಿಕ್ಷಿತ ಬಡಾವಣೆಗಳ ಆ ಕ್ಷೇತ್ರದಲ್ಲಿ 2023ರಲ್ಲಿ ತಡರಾತ್ರಿಯವರೆಗೆ ಮರುಎಣಿಕೆ ನಡೆದು, ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797 ಮತ ಪಡೆದು ಗೆದ್ದರು. ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರಿಗೆ ಬಂದದ್ದು 57,781. ಅಂತರ 16. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯ ಜನ ಅಷ್ಟೇ. ಅದೇ ಚುನಾವಣೆಯಲ್ಲಿ ಬೆಂಗಳೂರಿನದೇ ಗಾಂಧಿನಗರದ ಅಂತರ 105. ಆ ದಿನ ಮನೆಯಲ್ಲುಳಿದ ಹತ್ತಾರು ಸಾವಿರ ಮಂದಿಯಲ್ಲಿ ಪ್ರತಿಯೊಬ್ಬರೂ ತಮ್ಮ ಮತಕ್ಕೆ ಬೆಲೆಯಿಲ್ಲ ಎಂದುಕೊಂಡೇ ಉಳಿದಿದ್ದರು.

ಈಗ ಹತ್ತಿರದಿಂದ ಒಂದು ಮತಗಟ್ಟೆಯನ್ನು ನೋಡೋಣ. ಮಧ್ಯಾಹ್ನ ಮೂರೂವರೆ, ಸರ್ಕಾರಿ ಶಾಲೆಯ ಕೊಠಡಿ. ಬೆಂಚಿನ ಮೇಲೆ ಪಕ್ಷಗಳ ಬೂತ್ ಏಜೆಂಟರು ಮತದಾರರ ಪಟ್ಟಿ ಹರಡಿಕೊಂಡು ಕುಳಿತಿದ್ದಾರೆ. ಅಧಿಕಾರಿ ಕ್ರಮಸಂಖ್ಯೆ ಕೂಗಿದ ಹಾಗೆ ಅಡಿಪಟ್ಟಿ ಇಟ್ಟು ಆ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ. ಶಾಲೆಯಿಂದ ತುಸು ಆಚೆ ಮೇಜು ಹಾಕಿಕೊಂಡ ಹುಡುಗರ ಬಳಿಯೂ ಅದೇ ಪಟ್ಟಿ ಇರುತ್ತದೆ. ನಾಲ್ಕು ಗಂಟೆಗೆ ಗೆರೆ ಬೀಳದ ಹೆಸರುಗಳನ್ನು ಹಿಡಿದು ಬೈಕುಗಳು ಹೊರಡುತ್ತವೆ. “ಅಣ್ಣ, ನಿಮ್ಮನೇಲಿ ಇನ್ನೂ ಎರಡು ಓಟು ಬಾಕಿ ಐತೆ” ಎಂದು ಬಾಗಿಲು ಬಡಿಯುತ್ತಾರೆ. ಯಾವ ಮನೆ ಬರುತ್ತದೆ, ಯಾವ ಮನೆ ಎಂದೂ ಬರುವುದಿಲ್ಲ ಎಂದು ಆ ಹುಡುಗರಿಗೆ ಬಾಯಿಪಾಠ. ಎಂದೂ ಬಾರದ ಮನೆಯ ಗೇಟಿನ ಮುಂದೆ ಬೈಕು ನಿಲ್ಲುವುದಿಲ್ಲ. ಆ ಮನೆಯ ಯಜಮಾನರು ವ್ಯವಸ್ಥೆಯ ವಿರುದ್ಧ ಪ್ರತಿಭಟಿಸುತ್ತಿದ್ದಾರೆ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಅವರ ಹೆಸರು ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಎಣಿಕೆ ಮುಗಿದ ಮೇಲೆ ‘ಫಾರಂ 20’ ಎಂಬ ತಖ್ತೆ ಹೊರಬರುತ್ತದೆ. ಯಾವ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಶಾಸಕರ ಮನೆಯ ಜಗಲಿಯಲ್ಲಿ ಬೆಳಿಗ್ಗೆ ಅಹವಾಲು ಹಿಡಿದು ನಿಂತವರಿಗೆ ಬೀಳುವ ಮೊದಲ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ: “ನಿಮ್ಮೂರಲ್ಲಿ ಎಷ್ಟು ಲೀಡ್ ಕೊಟ್ರಿ?” ಕೇಳಬಾರದ, ಕೆಟ್ಟ ಪ್ರಶ್ನೆ. ಗೆದ್ದ ಮೇಲೆ ಮತ ಹಾಕದವರಿಗೂ ಅವರು ಪ್ರತಿನಿಧಿಯೇ. ಆದರೆ ಆ ಪ್ರಶ್ನೆಯ ಒಳಗುಟ್ಟು ತಿಳಿದಿರಲಿ. ಶೇಕಡಾ ಎಂಬತ್ತು ಮಂದಿ ಮತ ಹಾಕಿ ಲೀಡ್ ಕೊಡದ ಊರಿನ ಬಗ್ಗೆ ಶಾಸಕರಿಗೆ ಸಿಟ್ಟಿರುತ್ತದೆ, ಅದರ ಬೆನ್ನಿಗೇ ಭಯವೂ ಇರುತ್ತದೆ. ಮುಂದಿನ ಸಲಕ್ಕೆ ಆ ಊರನ್ನು ಒಲಿಸಿಕೊಳ್ಳಲು ರಸ್ತೆಯೋ ಸಮುದಾಯ ಭವನವೋ ಮಂಜೂರಾಗುತ್ತದೆ. ಶೇಕಡಾ ನಲವತ್ತು ಮತದಾನವಾದ ಬಡಾವಣೆಯ ಬಗ್ಗೆ ಸಿಟ್ಟೂ ಇಲ್ಲ, ಭಯವೂ ಇಲ್ಲ.

ಆದ್ದರಿಂದಲೇ “ಮತ ಹಾಕದವರಿಗೆ ಪ್ರಶ್ನಿಸುವ ಹಕ್ಕಿಲ್ಲ” ಎಂಬ ಜನಪ್ರಿಯ ಬೈಗುಳವನ್ನೂ ನಾನು ಒಪ್ಪುವುದಿಲ್ಲ. ಹಕ್ಕು ಸಂವಿಧಾನ ಕೊಟ್ಟದ್ದು, ಅದು ಎಲ್ಲಿಗೂ ಹೋಗಿಲ್ಲ. ಆದರೆ ಪ್ರಶ್ನೆ ಕೇಳಿಸಿಕೊಳ್ಳಲೇಬೇಕಾದ ದರ್ದು ಎದುರಿನವರಿಗೆ ಉಳಿದಿಲ್ಲ.

2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತದಾನ ಶೇ. 53ರ ಆಸುಪಾಸು. ಬೆಂಗಳೂರು ಕೇಂದ್ರ, ಉತ್ತರಗಳಲ್ಲಿ ಶೇ. 54. ನೂರು ಕಿಲೋಮೀಟರ್ ಆಚೆಯ ಮಂಡ್ಯದಲ್ಲಿ ಶೇ. 81ಕ್ಕೂ ಹೆಚ್ಚು. “ಹಾಗಾದರೆ ಮಂಡ್ಯದ ರಾಜಕಾರಣಿಗಳೆಲ್ಲ ಸಾಧುಸಂತರೋ?” ಎಂದು ಯಾರಾದರೂ ಕೇಳಬಹುದು. ನನ್ನ ವಾದಕ್ಕೆ ಎದುರಾಗುವ ಗಟ್ಟಿ ಪ್ರಶ್ನೆ ಇದು. ಅಲ್ಲ, ಅವರೇನೂ ಸಂತರಲ್ಲ. ಆದರೆ 2018ರಲ್ಲಿ ಜೆಡಿಎಸ್‌ಗೆ ಜಿಲ್ಲೆಯ ಏಳಕ್ಕೆ ಏಳೂ ಸ್ಥಾನ ಕೊಟ್ಟ ಅದೇ ಮಂಡ್ಯ, ಮರುವರ್ಷ ಅದೇ ಪಕ್ಷದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಮಗನನ್ನು ಸೋಲಿಸಿ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರನ್ನು ಗೆಲ್ಲಿಸಿತು. 2023ರಲ್ಲಿ ಆ ಏಳರಲ್ಲಿ ಒಂದನ್ನಷ್ಟೇ ಜೆಡಿಎಸ್‌ಗೆ ಬಿಟ್ಟುಕೊಟ್ಟು, 2024ರಲ್ಲಿ ಅದೇ ಕುಮಾರಸ್ವಾಮಿಯವರನ್ನು ಭಾರಿ ಅಂತರದಿಂದ ಸಂಸತ್ತಿಗೆ ಕಳಿಸಿತು. ಅಲ್ಲಿ ಯಾರ ಕುರ್ಚಿಯೂ ಖಾಯಂ ಅಲ್ಲ. ಆ ಅಳುಕಿನಿಂದಲೇ ಅಲ್ಲಿನ ನಾಯಕರು ಸಾವಿಗೂ ಬರುತ್ತಾರೆ, ಬೀಗರೂಟಕ್ಕೂ ಬರುತ್ತಾರೆ, ನಾಲೆಯಲ್ಲಿ ನೀರು ನಿಂತರೆ ಏರಿಯ ಮೇಲೂ ನಿಲ್ಲುತ್ತಾರೆ. ತೋರಿಕೆಯದು ಎನ್ನುತ್ತೀರಾ? ಇರಲಿ. ತೋರಿಕೆಗೂ ಬಾರದ ನಾಯಕರಿಗಿಂತ ಅದು ಮೇಲು.

ಇಲ್ಲಿಗೆ ನಗರದ ಸುಶಿಕ್ಷಿತರ ಕೊನೆಯ ಅಸ್ತ್ರ ಹೊರಬರುತ್ತದೆ: “ಹಳ್ಳಿಯವರು ದುಡ್ಡಿಗೆ, ಬಾಡೂಟಕ್ಕೆ ಓಟು ಮಾರಿಕೊಳ್ಳುತ್ತಾರೆ.” ದುಡ್ಡು ಹಂಚುವುದು ನಿಜ, ಅದು ಅಪರಾಧ, ಹಳ್ಳಿಯಲ್ಲೂ ನಗರದಲ್ಲೂ ನಡೆಯುತ್ತದೆ. ಆದರೆ ದುಡ್ಡೇ ಗೆಲ್ಲಿಸುವುದಾಗಿದ್ದರೆ ಮೇಲೆ ಹೇಳಿದ ಸೋಲುಗಳಲ್ಲಿ ಒಂದಾದರೂ ಆಗುತ್ತಿತ್ತೇ? ಆಳುವ ಪಕ್ಷದ ಕೈ ಯಾವಾಗಲೂ ಉದ್ದವೇ, ಆದರೂ ಅದು ಸೋಲುತ್ತಲೇ ಬಂದಿದೆ. ಎಲ್ಲರ ಕವರನ್ನೂ ಇಸಿದುಕೊಂಡು ತಮಗೆ ಬೇಕಾದವರಿಗೆ ಮತ ಒತ್ತುವ ಜಾಣ್ಮೆ ಹಳ್ಳಿಯ ಹೆಂಗಸರಿಗೆ ಇದೆ. ಇತ್ತ ಬೆಂಗಳೂರಿನಲ್ಲಿ ಬೆರಳಿನ ಶಾಯಿ ತೋರಿಸಿದವರಿಗೆ ಬೆಣ್ಣೆದೋಸೆ ಕೊಡುತ್ತೇವೆಂದು ಹೋಟೆಲುಗಳು ಫಲಕ ಹಾಕಬೇಕಾಯಿತು. ದೋಸೆಯ ಆಸೆ ತೋರಿಸಿ ಮತಗಟ್ಟೆಗೆ ಕರೆಯಬೇಕಾದವರು ಬಾಡೂಟದವರನ್ನು ಹಂಗಿಸುವುದು ತರವಲ್ಲ.

ಮತ ಹಾಕದ ಸುಶಿಕ್ಷಿತರ ನಿಲುವಿನ ಬುಡದಲ್ಲಿ ಒಂದು ಅಹಂಕಾರವಿದೆ. ಸಮಾಜದಲ್ಲಿ ತಮ್ಮ ಮಾತಿಗೆ ಮನೆಗೆಲಸದಾಕೆಯ ಮಾತಿಗಿಂತ ಹೆಚ್ಚು ತೂಕವಿದೆ ಎಂಬುದು ಅವರಿಗೆ ಅಭ್ಯಾಸವಾಗಿದೆ. ಮತಗಟ್ಟೆಯಲ್ಲಿ ಮಾತ್ರ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. 1962ರಿಂದ ಮೈಸೂರಿನ ಕಾರ್ಖಾನೆಯಿಂದ ಬರುತ್ತಿರುವ ಅದೇ ಶಾಯಿ, ಅದೇ ಎಡಗೈ ತೋರುಬೆರಳು, ತಲೆಗೊಂದೇ ಓಟು. ಈ ಸಮಾನತೆ ಸಹಿಸಲಾಗದವರು ಅದನ್ನು ವ್ಯವಸ್ಥೆಯ ಮೇಲಿನ ಜುಗುಪ್ಸೆ ಎಂದು ಕರೆದುಕೊಳ್ಳುತ್ತಾರೆ. ಸಾಲಿನಲ್ಲಿ ಅರ್ಧ ಗಂಟೆ ನಿಲ್ಲುವಷ್ಟು ವಿನಯ ತಮಗಿಲ್ಲದೆ ವಿಧಾನಸೌಧದಿಂದ ವಿನಯ ಬೇಡುವುದು ಎಲ್ಲಿಯ ನ್ಯಾಯ?

“ನೋಟಾ ಇದೆಯಲ್ಲ” ಎನ್ನುವವರಿದ್ದಾರೆ. ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ಬಂದ ಈ ಗುಂಡಿ ಮನೆಯಲ್ಲಿ ಕೂರುವುದಕ್ಕಿಂತ ನೂರು ಪಾಲು ಮೇಲು, ಅದು ಎಣಿಕೆಗಾದರೂ ಸಿಗುತ್ತದೆ. ಅದರ ಮಿತಿಯೂ ಸ್ಪಷ್ಟವಿದೆ. 2024ರಲ್ಲಿ ಇಂದೋರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ನೋಟಾ ಒತ್ತಿದರು, ಫಲಿತಾಂಶ ಬದಲಾಗಲಿಲ್ಲ. ಬಹಿಷ್ಕಾರದ ಮಾತೂ ಹೀಗೆಯೇ. “ರಸ್ತೆ ಆಗದಿದ್ದರೆ ಓಟಿಲ್ಲ” ಎಂದು ಹಳ್ಳಿಯೊಂದು ಬ್ಯಾನರ್ ಕಟ್ಟಿದರೆ ತಹಶೀಲ್ದಾರರು ಜೀಪು ಹತ್ತಿ ಬರುತ್ತಾರೆ. ಆ ಹಳ್ಳಿ ಪ್ರತಿ ಸಲವೂ ಮತ ಹಾಕುವ ಹಳ್ಳಿ, ಅದಕ್ಕೇ ಆ ಓಡಾಟ. ಎಂದೂ ಹಾಕದವರು ಬಹಿಷ್ಕಾರ ಹಾಕಿದರೆ ಯಾರಿಗೆ ನಷ್ಟ?

ಕಡ್ಡಾಯ ಮತದಾನ ತನ್ನಿ ಎನ್ನುವವರ ಜೊತೆಗೂ ನಾನಿಲ್ಲ. ದಂಡದ ಹೆದರಿಕೆಯಿಂದ ಬಂದ ಮತದಾರರಿಗೆ ರಾಜಕಾರಣಿ ಹೆದರಬೇಕಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಮತದಾರರ ತಲೆಗೆ ಕಟ್ಟಲಾಗದು. ಬೆಂಗಳೂರಿನ ಕಡಿಮೆ ಮತದಾನದಲ್ಲಿ ಒಂದು ಪಾಲು ಕಾಗದದ್ದು. ಮನೆ ಬದಲಿಸಿದವರು, ಊರು ಬಿಟ್ಟವರು, ತೀರಿಹೋದವರ ಹೆಸರುಗಳು ಪಟ್ಟಿಯಲ್ಲಿ ಹಾಗೇ ಉಳಿದಿರುತ್ತವೆ. ಬದುಕಿರುವವರ ಹೆಸರು ಕಾಣೆಯಾಗಿರುತ್ತದೆ. ಅದಕ್ಕಿಂತ ದೊಡ್ಡ ಅಪರಾಧ ಸರ್ಕಾರಗಳದ್ದು. ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನ ಹೇಳುತ್ತದೆ. ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಹೊಸ ಕಾಯ್ದೆ ಎಂದು ಬಿಜೆಪಿ ಸರ್ಕಾರವೂ ಕಾಂಗ್ರೆಸ್ ಸರ್ಕಾರವೂ ದಿನ ದೂಡಿದವು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನೇ ಐದು ಭಾಗ ಮಾಡಲಾಯಿತು. ಅಲ್ಲಿಯವರೆಗಿನ ಐದು ವರ್ಷ ಕೋಟಿಗೂ ಹೆಚ್ಚು ಜನರ ನಗರವನ್ನು ಅಧಿಕಾರಿಗಳೇ ಆಳಿದರು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳನ್ನೂ ವರ್ಷಗಟ್ಟಲೆ ಹಾಗೇ ಬಿಟ್ಟರು. ತಪ್ಪದೆ ಮತ ಹಾಕಿ ಎಂದು ಬಸ್ಸಿನ ಮೈಮೇಲೆಲ್ಲ ಜಾಹೀರಾತು ಬರೆಸುವ ಸರ್ಕಾರವೇ ಮತಪೆಟ್ಟಿಗೆಗೆ ಹೆದರಿ ಚುನಾವಣೆ ಮುಂದೂಡುವುದಕ್ಕಿಂತ ದೊಡ್ಡ ಸೊಕ್ಕು ಯಾವುದು?

ಆದರೆ ಈ ಸೊಕ್ಕಿಗೆ ಧೈರ್ಯ ಎಲ್ಲಿಂದ ಬಂತು ಎಂದೂ ಕೇಳಿಕೊಳ್ಳಬೇಕು. 2015ರ ಆ ಪಾಲಿಕೆ ಚುನಾವಣೆಯಲ್ಲಿ ಅರ್ಧದಷ್ಟು ಮಂದಿಯೂ ಮತ ಹಾಕಿರಲಿಲ್ಲ. ಐದು ವರ್ಷ ಚುನಾವಣೆ ನಡೆಸದಿದ್ದರೂ ಯಾರೂ ಬೀದಿಗಿಳಿಯಲಾರರು ಎಂದು ಆಳುವವರು ಅಂದಾಜು ಮಾಡಿದರು. ಆ ಅಂದಾಜು ಸುಳ್ಳಾಗಲಿಲ್ಲ.

ಒಳ್ಳೆಯವರು ನಿಂತರೆ ಬರುತ್ತೇವೆ ಎನ್ನುವವರಿಗೆ ಕೊನೆಯದಾಗಿ ಎರಡು ಉದಾಹರಣೆ. 1989ರಲ್ಲಿ ಸಾಹಿತಿ ಕೋಟ ಶಿವರಾಮ ಕಾರಂತರು ಪರಿಸರದ ಪ್ರಶ್ನೆ ಎತ್ತಿಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದ್ದರು. ಸೋತರು. ಅವರಿಗಿಂತ ದೊಡ್ಡವರನ್ನು ಯಾವ ಪಕ್ಷ ತಂದು ನಿಲ್ಲಿಸಬೇಕು? ಅದಕ್ಕೂ ಬಹಳ ಹಿಂದೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮಲೆನಾಡಿನ ಗೇಣಿದಾರರ ಬಳಿ ಓಟಿನ ಜೊತೆಗೆ ನೋಟನ್ನೂ ಕೇಳಿ ಗೆದ್ದು ವಿಧಾನಸಭೆಗೆ ಹೋಗಿದ್ದರು. ಆ ಗೇಣಿದಾರರು ಗೌಡರ ಸಜ್ಜನಿಕೆಗೆ ಮೆಚ್ಚಿ ಮನೆಯಲ್ಲಿ ಕುಳಿತು ಹೊಗಳಲಿಲ್ಲ. ಮಲೆನಾಡಿನ ಕಾಲುದಾರಿ ಸವೆಸಿ ಹೋಗಿ ಮತ ಹಾಕಿ ಬಂದರು. ಸಜ್ಜನರು ಕಣದಲ್ಲಿ ಉಳಿಯುವುದು ಇಂಥ ಮತದಾರರಿಂದ.

ಮುಂದಿನ ಚುನಾವಣೆ ಪಾಲಿಕೆಯದೋ ಪಂಚಾಯಿತಿಯದೋ ವಿಧಾನಸಭೆಯದೋ ಆಗಿರಲಿ, ಅದು ಘೋಷಣೆಯಾಗುವವರೆಗೆ ಕಾಯಬೇಡಿ. ಮನೆ ಬದಲಿಸಿದ್ದರೆ ಫಾರಂ 8, ಮೊದಲ ಬಾರಿಗೆ ಹೆಸರು ಸೇರಿಸುವುದಿದ್ದರೆ ಫಾರಂ 6. ಮನೆಯಲ್ಲಿ ಹದಿನೆಂಟು ತುಂಬಿದ ಮಕ್ಕಳಿದ್ದರೆ ಅವರದ್ದೂ ಹಾಕಿಸಿ. ಪಾಲಿಕೆ, ಪಂಚಾಯಿತಿಗಳ ಚುನಾವಣೆ ಮುಂದೂಡಿದರೆ ನಿಮ್ಮ ಶಾಸಕರನ್ನು ನಿಲ್ಲಿಸಿ ಯಾಕೆಂದು ಕೇಳಿ. ಮತದಾನದ ದಿನ ಕೂರ್ಗಿಗೋ ಗೋಕರ್ಣಕ್ಕೋ ಹೊರಡುವ ಮೊದಲು ಶಾಲೆಯ ಕೊಠಡಿಗೆ ಹೋಗಿ ಬನ್ನಿ. ಅಭ್ಯರ್ಥಿಯ ಮುಖದಲ್ಲಿ ವಿನಯ ಇದೆಯೇ ಎಂದು ಹುಡುಕುವುದನ್ನು ಬಿಟ್ಟು, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ಈ ವಾರವೇ ನೋಡಿಕೊಳ್ಳಿ.